ಎಳೆತದ ಹೊತ್ತಿನ ಗಂಟೆ

ನಮ್ಮೂರಿನಲ್ಲಿ ಮಧ್ಯಾಹ್ನ ಮೂರರ ಸುಮಾರಿಗೆ ಯಾರೂ ಬಾಗಿಲು ತೆರೆಯುವುದಿಲ್ಲ. ಬಡಗಣ ದಿಕ್ಕಿನ ಕರಿಗುಡ್ಡ ಆ ಹೊತ್ತಿಗೆ ಕಬ್ಬಿಣವನ್ನು ಎಳೆಯುತ್ತದೆ. ಇಪ್ಪತ್ತು ನಿಮಿಷವಷ್ಟೇ, ಆದರೆ ಹಿತ್ತಲಲ್ಲಿ ಮರೆತುಬಿಟ್ಟ ಕುಡುಗೋಲು ಅಷ್ಟರಲ್ಲಿ ಹೊರಟುಹೋಗಿ ಮೂರನೆಯ ಮನೆಯ ಗೋಡೆಗೆ ಅಂಟಿಕೊಂಡಿರುತ್ತದೆ. ಅದಕ್ಕೇ ಊರ ಬುರುಜಿನ ಮೇಲಿಂದ ಗುಳಪ್ಪ ಶಂಖ ಊದಿದ ಕೂಡಲೇ ಹಡಪದವನು ಕತ್ತಿ ಮಡಚುತ್ತಾನೆ, ಅರ್ಧ ಗಡ್ಡ ಹೆರೆಸಿಕೊಂಡವನು ಅರ್ಧ ಗಡ್ಡದಲ್ಲೇ ಕೂರುತ್ತಾನೆ. ದರ್ಜಿ ಸೂಜಿಗಳನ್ನೆಲ್ಲ ಹುಣಸೆಹಣ್ಣಿನ ಉಂಡೆಗೆ ಚುಚ್ಚಿ ಡಬ್ಬಿ ಮುಚ್ಚುತ್ತಾನೆ. ಸೈಕಲ್ಲುಗಳನ್ನು ಬಡಗಣ ಗೋಡೆಗೆ ಒರಗಿಸಿಯೇ ನಿಲ್ಲಿಸುವುದು ವಾಡಿಕೆ. ಹೇಗಿದ್ದರೂ ಅವು ಅಲ್ಲಿಗೇ ಹೋಗುವವು. ಹೆಂಗಸರು ಅಗುಳಿ ಹಾಕಿ, ಸೌಟು ಹಂಚುಗಳನ್ನು ಕೈಯಲ್ಲಿ ಬಿಗಿಹಿಡಿದು ಕೂರುತ್ತಾರೆ. ಎರಡನೆಯ ಶಂಖ ಊದಿದ ಮೇಲೆ ಊರು ಮೈಮುರಿದು ಎದ್ದು, ಬಿಟ್ಟ ಕೆಲಸವನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತದೆ.

ನಾನು ನೀಲವ್ವ. ಈ ಊರಿನ ಬಾಗಿಲು ಕಿಟಕಿಗಳಿಗೆ ಕಾವಲು ಗಂಟೆ ಕೂರಿಸುವವಳು. ಕೆಲಸ ಕಲಿಸಿದವನು ನಮ್ಮಪ್ಪ, ಕೊಬ್ಬು ಮಾತ್ರ ನನ್ನ ಸ್ವಂತ ಸಂಪಾದನೆ. ಕದಕ್ಕೆ ಒಂದು ಅಯಸ್ಕಾಂತದ ತುಂಡು, ಚೌಕಟ್ಟಿಗೆ ಒಂದು ಗಾಜಿನ ನಳಿಗೆ, ನಳಿಗೆಯೊಳಗೆ ಕೂದಲಿನಷ್ಟು ತೆಳ್ಳಗಿನ ಎರಡು ಕಬ್ಬಿಣದ ನಾಲಗೆ. ಕದ ಮುಚ್ಚಿದ್ದರೆ ಅಯಸ್ಕಾಂತ ಹತ್ತಿರವಿದ್ದು ನಾಲಗೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ಗಂಟೆ ಸುಮ್ಮನಿರುತ್ತದೆ. ಕದ ತೆರೆದರೆ ನಾಲಗೆಗಳು ಅಗಲುತ್ತವೆ, ಗಂಟೆ ಬಾಯಿಬಡಿದುಕೊಳ್ಳುತ್ತದೆ. ಮನೆಯವರು ತಾವೇ ಹೋಗಿ ಬರುವಾಗ ಒಳಗಿನ ಗುಂಡಿಯೊತ್ತಿ ಅದರ ಬಾಯಿ ಕಟ್ಟಿರುತ್ತಾರೆ. ಪೇಟೆಯವರು ಇದಕ್ಕೆ ಸೆನ್ಸರ್ ಅನ್ನುತ್ತಾರಂತೆ, ನಾವು ಕಾವಲುನಾಲಗೆ ಅನ್ನುತ್ತೇವೆ. ಕಿಟಕಿಗೆ ಕಬ್ಬಿಣದ ಸರಳು ಹಾಕಿದರೆ ಗುಡ್ಡ ಬಿಡುವುದಿಲ್ಲವಾದ್ದರಿಂದ ನಮ್ಮಲ್ಲಿ ಬರೀ ಮರದ ಕದ, ಅದರ ಮೇಲೊಂದು ಗಂಟೆ. ಗಂಟೆ ಹೊಡೆದುಕೊಂಡಿತೆಂದರೆ ಓಣಿಗೆ ಓಣಿಯೇ, ಕೈಯಲ್ಲೇನಿದೆಯೋ ಅದನ್ನು ಹಿಡಿದುಕೊಂಡೇ ಓಡಿಬರಬೇಕು. ಕೈಯಲ್ಲಿ ಕೂಸಿದ್ದರೆ ಕೂಸು, ರೊಟ್ಟಿಹಿಟ್ಟಿದ್ದರೆ ಹಿಟ್ಟು. ಇದು ಊರು ಹುಟ್ಟಿದಾಗಿನ ಕಟ್ಟಳೆ.

ಅದರ ಜೊತೆಗೆ ಇನ್ನೊಂದು ಮಾತೂ ಹುಟ್ಟಿಕೊಂಡಿತ್ತು: ಗಂಟೆ ಸುಮ್ಮನಿದ್ದರೆ ಬಾಗಿಲೂ ಸುಮ್ಮನಿತ್ತು. ಊರ ಕಟ್ಟೆಯ ಪಂಚಾಯ್ತಿಯಲ್ಲಿ ಮನುಷ್ಯರ ಸಾಕ್ಷಿಗಿಂತ ಗಂಟೆಯ ಸಾಕ್ಷಿ ದೊಡ್ಡದು. ಈ ಮಾತನ್ನು ಯಾರಾದರೂ ಆಡಿದಾಗ ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಆ ವರ್ಷ ಮಾಘದ ಮದುವೆಗಳಿಗೆಂದು ಊರ ಮಗ್ಗದ ಮನೆಯಲ್ಲಿ ಹನ್ನೊಂದು ಜರಿ ಸೀರೆ ನೇಯ್ದಿಟ್ಟಿದ್ದರು. ನಮ್ಮಲ್ಲಿ ಯಾವ ಮನೆಯ ಮದುಮಗಳಾದರೂ ಧಾರೆಗೆ ಉಡುವ ಸೀರೆ ಊರೇ ನೇಯ್ದದ್ದು. ಒಂದು ದಿನ ಎಳೆತ ಮುಗಿದ ಮೇಲೆ ಮಗ್ಗದ ಮನೆಯ ಕಾವಲುಗಾರ ವಿರೂಪಾಕ್ಷಿ ಹಿಂದಿನ ಕೋಣೆಗೆ ಹೋಗಿ ನೋಡಿದರೆ ಹಲಗೆ ಖಾಲಿ. ಹತ್ತೊಂಬತ್ತು ವರ್ಷ ಆ ಮನೆ ಕಾದವನು, ಎಳೆತದ ಹೊತ್ತಿನಲ್ಲಿ ಎಂದಿನಂತೆ ಮುಂಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದನಂತೆ. ಹಿಂದಿನ ಕೋಣೆಗೆ ಇರುವುದು ಒಂದೇ ಕಿಟಕಿ. ಆ ಕಿಟಕಿಗೆ ಗಂಟೆ ಕೂರಿಸಿದವಳು ನಾನು.

ಕಟ್ಟೆಯಲ್ಲಿ ಹಿರಿಯ ಸಂಗನಬಸಪ್ಪನವರು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಅವರು ಕೆಟ್ಟವರಲ್ಲ, ಆದರೆ ಒಮ್ಮೆ ಒಂದು ನೇರಕ್ಕೆ ಹೂಡಿದ ನೇಗಿಲನ್ನು ಆಚೀಚೆ ತಿರುಗಿಸುವವರಲ್ಲ.

"ಗಂಟಿ ಹೊಡಕೊಂಡಿತೇನು?" ಎಂದು ಕೇಳಿದರು.

"ಇಲ್ರಿ," ಎಂದ ವಿರೂಪಾಕ್ಷಿ.

"ಗಂಟಿ ಸುಮ್ನ ಇತ್ತಂದ್ರ ಕಿಡಕಿ ಸುಮ್ನ ಇತ್ತು. ಒಳಗ ಇದ್ದಾಂವ ನೀ ಒಬ್ನ." ಆಮೇಲೆ ನನ್ನ ಕಡೆ ತಿರುಗಿದರು. "ನೀಲವ್ವ, ನಿನ್ನ ಗಂಟಿ ಖರೇ ಹೇಳ್ತದೇನು?"

ಹೆತ್ತವರಿಗೆ ಹೆಗ್ಗಣ ಮುದ್ದು. "ಇಪ್ಪತ್ತೆರಡ ವರ್ಷದಾಗ ನನ್ನ ಗಂಟಿ ಒಂದ ಸುಳ್ಳ ಹೇಳಿಲ್ರಿ," ಎಂದೆ. ಆ ಮಾತು ಹೇಳುವಾಗ ವಿರೂಪಾಕ್ಷಿಯ ಮುಖ ನೋಡಲಿಲ್ಲ. ನೋಡಿದ್ದರೆ ಬಾಯಿ ಬರುತ್ತಿರಲಿಲ್ಲವೇನೋ.

ಅಮಾವಾಸ್ಯೆಯೊಳಗೆ ಸೀರೆ ತಂದು ಒಪ್ಪಿಸಬೇಕು, ಇಲ್ಲವೇ ಗಂಡಹೆಂಡಿರು ಊರು ಬಿಡಬೇಕು ಎಂದು ತೀರ್ಮಾನವಾಯಿತು. ಅಮಾವಾಸ್ಯೆಗೆ ಹನ್ನೊಂದು ದಿನವಿತ್ತು. ಅಲ್ಲಿಯವರೆಗೆ ಅವನ ಮನೆಯ ಗಂಟೆ ಬಿಚ್ಚಬೇಕು. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಗಂಟೆಯಿಲ್ಲದ ಮನೆಗೆ ಬೆಂಕಿ ಬಿದ್ದರೂ, ಒಳಗೆ ಜೀವ ಹೋಗುತ್ತಿದ್ದರೂ ಓಡಿಬರುವ ಬಾಧ್ಯತೆ ಯಾರಿಗೂ ಇಲ್ಲ. ಬಿಚ್ಚುವ ಕೆಲಸ ನನ್ನದೇ. ಹಿತ್ತಾಳೆಯ ತಿರುಪುಳಿ ಹಿಡಿದು ಹೋದೆ. ಅವನ ಹೆಂಡತಿ ಒಳಗಿನಿಂದ ಹೊರಗೆ ಬರಲೇ ಇಲ್ಲ. ಅವನೇ ನನಗೆ ಹತ್ತಲು ಮಣೆ ಇಟ್ಟು, ಅದು ಅಲುಗದಂತೆ ಹಿಡಿದುಕೊಂಡ.

"ನೀಲವ್ವ, ಎಳತದ ಹೊತ್ತಿನ್ಯಾಗ ನೀ ಯಾವಾಗಾರ ಕಿಡಕಿ ತಗದು ನೋಡೀಯೇನು?" ಎಂದು ಕೆಳಗಿನಿಂದ ಕೇಳಿದ.

"ಎಳತದಾಗ ಯಾರ ಕಿಡಕಿ ತಗೀತಾರೋ ಮಾರಾಯ," ಎಂದೆ ಸಿಡುಕಿನಿಂದ.

"ಹೌದು, ಯಾರೂ ತಗ್ಯಂಗಿಲ್ಲ. ಅದಕ್ಕ ಕೇಳಿದೆ," ಎಂದ. ನಾನು ಇಳಿದ ಮೇಲೆ ಮಣೆಯನ್ನು ಒರೆಸಿ ಒಳಗೆ ಒಯ್ದ.

ಮಾತು ಮುಳ್ಳು ಮುರಿದಂತೆ ಒಳಗೇ ಉಳಿಯಿತು. ಗಂಟೆ ಕೂರಿಸಿದ ಮೇಲೆ ನಾನು ಪರೀಕ್ಷೆ ಮಾಡುವುದು ಬೆಳಿಗ್ಗೆ, ತಪ್ಪಿದರೆ ಸಂಜೆ. ಅಪ್ಪನೂ ಹಾಗೇ ಮಾಡುತ್ತಿದ್ದ. ಎಳೆತದಲ್ಲಿ ಕದ ತೆರೆಯಬಾರದು ಎಂದಮೇಲೆ ಆಗ ಗಂಟೆ ಏನು ಮಾಡುತ್ತದೆಂದು ಈ ಊರಲ್ಲಿ ಹುಟ್ಟಿದ ಯಾರೂ ನೋಡಿಲ್ಲ. ಮರುದಿನ ಶಂಖ ಊದಿದ ಮೇಲೆ ನಾನು ನನ್ನ ಮನೆಯ ತೆಂಕಣ ಕಿಟಕಿಯ ಮುಂದೆ ನಿಂತೆ. ಅಜ್ಜಿ ಬದುಕಿದ್ದರೆ ಬರೆ ಎಳೆಯುತ್ತಿದ್ದಳು. ಕಣ್ಣುಮುಚ್ಚಿ ಕದ ತೆರೆದೆ. ಪೂರ್ತಿ ತೆರೆದೆ. ಬಿಸಿಲು ಒಳಗೆ ಬಂತು, ಗಾಳಿ ಬಂತು. ಗಂಟೆ ಮಾತ್ರ ಮೂಗಿಯಾಗಿ ಕೂತಿತ್ತು. ಗುಡ್ಡದ ಎಳೆತಕ್ಕೆ ನಾಲಗೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಕದದ ಅಯಸ್ಕಾಂತ ಹತ್ತಿರವಿದ್ದರೇನು, ಕಾಶಿಗೆ ಹೋದರೇನು, ಅವಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ನನಗೆ ಬಂದದ್ದು ಮೊದಲು ನಾಚಿಕೆ, ಆಮೇಲೆ ಭಯ. ಇಪ್ಪತ್ತೆರಡು ವರ್ಷ, ಮುನ್ನೂರು ಮನೆ, ದಿನಕ್ಕೆ ಇಪ್ಪತ್ತು ನಿಮಿಷ ಈ ಊರು ಬಾಗಿಲು ತೆರೆದುಕೊಂಡು ಮಲಗಿದ ಹಾಗೆಯೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆವು, ಕಬ್ಬಿಣ ಕಾಯಿಸಿ ಕೊಟ್ಟವಳು ನಾನೇ.

ಸಂಜೆಯೇ ಸಂಗನಬಸಪ್ಪನವರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಿದ್ದವರು ಸವರುತ್ತಲೇ ಇದ್ದರು, ಎಲೆ ಬೆಳ್ಳಗಾಯಿತು.

"ನಿನ್ನ ಒಂದ ಗಂಟಿ ಸುಳ್ಳು ಅಂದ್ರ ಮುನ್ನೂರೂ ಸುಳ್ಳು," ಎಂದರು ಕೊನೆಗೆ. "ಇದನ್ನ ನಾ ಕಟ್ಟಿ ಮ್ಯಾಲ ಹೇಳಿದ್ರ ನಾಳಿಂದ ಊರಾಗ ಯಾರೂ ಯಾರ್ನೂ ನಂಬಂಗಿಲ್ಲ. ಎಳತದಾಗೂ ಖರೇ ಹೇಳೂ ಗಂಟಿ ಒಂದು ಮಾಡಿ ತಾ. ಆಮ್ಯಾಲ ಹಳೇದು ಸುಳ್ಳು ಹೇಳ್ತಿತ್ತು ಅಂತ ನಾನ ಹೇಳ್ತೀನಿ."

"ಅಷ್ಟರಾಗ ಅಮಾಸಿ ಬಂದ್ರ?"

"ಬಂದ್ರ ಬಂತು. ಲಗೂನ ಮಾಡು."

ನಮ್ಮ ಪಕ್ಕದ ಮನೆಯ ಮೆಹಬೂಬಿ ಗಡಿಯಾರ ರಿಪೇರಿ ಮಾಡುವವಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಮನೆಗೆ ಬಂದವರನ್ನೂ ಆ ಕಣ್ಣಿಂದಲೇ ನೋಡುತ್ತಾಳೆ, ನಮಗೆ ನಮ್ಮ ತಪ್ಪುಗಳೆಲ್ಲ ದೊಡ್ಡದಾಗಿ ಕಾಣುತ್ತಿರಬೇಕು ಎನಿಸುತ್ತದೆ. ಅವಳಿಗೆ ಹೇಳಿದೆ. ಬೈಯಲಿಲ್ಲ, ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿದಳು.

ಮೊದಲು ಅಯಸ್ಕಾಂತವನ್ನು ದೊಡ್ಡದು ಮಾಡಿ ನೋಡಿದೆ. ಎಳೆತವಿಲ್ಲದಾಗಲೂ ಕಿಟಕಿ ತೆರೆಯಲು ಇಬ್ಬರು ಬೇಕಾಯಿತು, ಗಂಟೆಯೂ ಕೆಟ್ಟಿತು. ಆಮೇಲೆ ಗುಡ್ಡದ ಕಣ್ಣಿಗೆ ಬೀಳದಿರಲಿ ಎಂದು ನಳಿಗೆಯನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಮುಚ್ಚಿಟ್ಟೆ. ಮಧ್ಯಾಹ್ನ ಗುಡ್ಡ ಎಳೆದಾಗ ಪೆಟ್ಟಿಗೆ ಗೋಡೆಯ ಗಾರೆಯನ್ನೂ ಕಿತ್ತುಕೊಂಡು ಹೊರಟು ಮೆಹಬೂಬಿಯ ಉಪ್ಪಿನಕಾಯಿ ಭರಣಿ ಒಡೆಯಿತು. "ಗುಡ್ಡಕ್ಕ ಉಪ್ಪಿನಕಾಯಿ ಬೇಕಾಗಿತ್ತು ಅಂತ ಕಾಣ್ತದ," ಎಂದಳು, ಅಷ್ಟೇ. ಹೀಗೆ ಆರು ದಿನ ಹೋದವು. ವಿರೂಪಾಕ್ಷಿಯ ಮನೆಯ ಮುಂದೆ ಹಾಯುವಾಗ ಅವನ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವ ಸಪ್ಪಳ ಕೇಳುತ್ತಿತ್ತು. ನಾನು ಆ ದಾರಿ ಬಿಟ್ಟು ಸುತ್ತು ದಾರಿ ಹಿಡಿದೆ.

ಏಳನೆಯ ದಿನ ಎಳೆತದ ಹೊತ್ತಿನಲ್ಲಿ ಮೆಹಬೂಬಿ ಮತ್ತು ನಾನು ಎದುರುಬದುರು ನಿಂತಿದ್ದೆವು. ನಮ್ಮ ಹೆಂಗಸರಿಗೆ ಒಂದು ರೂಢಿಯಿದೆ: ಒಂದು ಕೈಗೆ ಒಂದು ಸೌಟು ಹಿಡಿದರೆ ಇನ್ನೊಂದು ಕೈಗೂ ಅಷ್ಟೇ ತೂಕದ ಸೌಟು ಹಿಡಿಯಬೇಕು. ಆಗ ಗುಡ್ಡ ಎರಡು ಕಡೆಯೂ ಸಮನಾಗಿ ಎಳೆಯುತ್ತದೆ, ಮೈ ತಿರುಗುವುದಿಲ್ಲ. ಮೂಗಿನ ಮೇಲೆ ಕೂತ ನೊಣ ಓಡಿಸಲು ನಾನು ಒಂದು ಸೌಟನ್ನು ಕಾಲಡಿಗೆ ಹಾಕಿದ್ದೇ ತಡ, ಇನ್ನೊಂದು ನನ್ನನ್ನು ಗರಕ್ಕನೆ ತಿರುಗಿಸಿ ಗೋಡೆಗೆ ಮುಖ ಮಾಡಿಸಿತು. ಗೋಡೆ ನೋಡುತ್ತಲೇ ನಿಂತೆ. ಮೆಹಬೂಬಿಗೆ ಗಾಬರಿಯಾಗಿರಬೇಕು.

"ಏನಾತ?"

"ಎರಡ ಸೌಟಿದ್ರ ಗುಡ್ಡಕ್ಕ ನನ್ನ ತಿರುಗಸಾಕ ಆಗಂಗಿಲ್ಲ," ಎಂದೆ. "ಆದ್ರ ನೀ ಬಂದು ಒಂದ ಕೈ ಹಿಡದು ಜಗ್ಗಿದ್ರ ತಿರುಗತೀನಿ."

ಅವಳು ಭೂತಗನ್ನಡಿಯನ್ನು ಹಣೆಗೆ ಏರಿಸಿ ನನ್ನನ್ನೇ ನೋಡಿದಳು. "ತಕ್ಕಡಿ," ಎಂದಳು.

ಅದೇ. ನಾಲಗೆ ಎರಡು ಬೇಡ, ತಕ್ಕಡಿಯಂಥ ಒಂದು ದಂಡಿ ಬೇಕು. ಎರಡು ತುದಿಗೂ ಸಮತೂಕದ ಕಬ್ಬಿಣದ ಚೂರು. ಗುಡ್ಡ ಎಲ್ಲೋ ದೂರದಲ್ಲಿದೆ, ಎರಡು ತುದಿಯನ್ನೂ ಒಂದೇ ಸಮ ಎಳೆಯುತ್ತದೆ, ದಂಡಿ ಯಾವ ಕಡೆಗೂ ವಾಲುವುದಿಲ್ಲ. ಕದದ ಅಯಸ್ಕಾಂತ ಮಗ್ಗುಲಲ್ಲೇ ಇದೆ, ಅದು ತನಗೆ ಹತ್ತಿರದ ತುದಿಯೊಂದನ್ನೇ ಎಳೆದು ಹಿಡಿಯುತ್ತದೆ. ಕದ ತೆರೆದ ಕೂಡಲೇ ಆ ತುದಿ ಬಿಡುಗಡೆಯಾಗಿ ದಂಡಿ ಹಿಂದಕ್ಕೆ ವಾಲುತ್ತದೆ, ಗಂಟೆ ಹೊಡೆದುಕೊಳ್ಳುತ್ತದೆ. ಗುಡ್ಡ ಎಳೆಯಲಿ, ಬಿಡಲಿ.

ಮೆಹಬೂಬಿ ಸತ್ತುಹೋದ ಗೋಡೆ ಗಡಿಯಾರವೊಂದರ ಹೊಟ್ಟೆ ಬಿಚ್ಚಿ ಹಿತ್ತಾಳೆಯ ಅಚ್ಚು ತೆಗೆದಳು, ದಂಡಿಯನ್ನು ಹಿಂದಕ್ಕೆ ಎಳೆಯಲು ಕೈಗಡಿಯಾರದ ಕಂಚಿನ ಕೂದಲುಸುರುಳಿ ಕೂರಿಸಿದಳು. ಅಕ್ಕಸಾಲಿಗರ ತಕ್ಕಡಿಯಲ್ಲಿ ಕಬ್ಬಿಣದ ಚೂರುಗಳನ್ನು ತೂಗಿ, ಅರದಿಂದ ತಿಕ್ಕಿ, ಮತ್ತೆ ತೂಗಿ, ಎರಡು ದಿನ ನಾವು ಮಾಡಿದ್ದು ಇದೇ. ಒಂದು ಚೂರು ಸಾಸಿವೆಯ ಸಿಪ್ಪೆಯಷ್ಟು ಹೆಚ್ಚಾದರೂ ಗುಡ್ಡಕ್ಕೆ ತಿಳಿಯುತ್ತಿತ್ತು. ಒಂಬತ್ತನೆಯ ದಿನ ಎಳೆತದಲ್ಲಿ, ಓಣಿಗೆ ಕೇಳದಂತೆ ಗಂಟೆಗೆ ಬಟ್ಟೆ ಸುತ್ತಿ, ಕಿಟಕಿ ಮುಚ್ಚಿ ಕಾದೆವು. ಗಂಟೆ ಸುಮ್ಮನಿತ್ತು. ತೆರೆದೆ. ಬಟ್ಟೆಯೊಳಗಿಂದಲೇ ಗಣಗಣ ಎಂದಿತು. ಕೂಡಲೇ ಮುಚ್ಚಿದೆ, ಸುಮ್ಮನಾಯಿತು. ಮತ್ತೆ ತೆರೆದೆ. ಮೆಹಬೂಬಿ ಸೌಟು ಕೈಬಿಟ್ಟು ನನ್ನನ್ನು ತಬ್ಬಿಕೊಂಡಳು. ಸೌಟು ಹೋಗಿ ಗೋಡೆ ಸೇರಿತು, ಯಾರಿಗೆ ಬೇಕಿತ್ತು ಅದು. ನಾನು ಅತ್ತೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಗಂಟೆಯ ಸದ್ದು ಕೇಳಿ ಅತ್ತದ್ದು ಅದೇ ಮೊದಲು.

ಅದೇ ಹೊತ್ತಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಗೋಡೆಗಂಟಿದ ಸೌಟು ತಾನಾಗಿ ಕೆಳಗೆ ಬಿತ್ತು, ಎಂದರೆ ಎಳೆತ ಮುಗಿದಿತ್ತು. ಆದರೆ ಎರಡನೆಯ ಶಂಖ ಊದಲಿಲ್ಲ. ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟು ಹೊತ್ತಾದ ಮೇಲೆ ಊದಿತು.

"ಈಗೀಗ ಗುಳಪ್ಪ ತಡಾನ ಮಾಡ್ತಾನ," ಎಂದಳು ಮೆಹಬೂಬಿ. "ಮುದುಕ ಆದಾ ಅಂತ ತಿಳಿದಿದ್ದೆ."

ಎಳೆತದಲ್ಲಿ ಊರೆಲ್ಲ ಒಳಗಿರುವಾಗ ಹೊರಗಿರುವವನು ಅವನೊಬ್ಬ. ಮೈಮೇಲೆ ಒಂದು ಚೂರು ಕಬ್ಬಿಣವಿಲ್ಲ, ಕೈಯಲ್ಲಿ ಬರೀ ಶಂಖ. ಬುರುಜು ಇಳಿದು ಓಡಾಡಿ ಬರುವವನಿಗೇ ಎರಡನೆಯ ಶಂಖ ತಡವಾಗುವುದು. ಬುರುಜಿನ ಕೋಣೆಗೂ ನಾನೇ ಗಂಟೆ ಕೂರಿಸಿದ್ದೆ. ಅದು ಯಾವಾಗ ಮೂಗಿಯಾಗುತ್ತದೆಂದು ಅವನಿಗೆ ತಿಳಿಯಲು ಒಂದು ದಿನ ಸಾಕು. ಇಷ್ಟು ಸರಳವಾದದ್ದು ಯಾರ ತಲೆಗೂ ಯಾಕೆ ಹೊಳೆಯಲಿಲ್ಲವೆಂದರೆ, ಗಂಟೆ ತೀರ್ಪು ಕೊಟ್ಟ ಮೇಲೆ ನಾವು ತಲೆಗೆ ಕೆಲಸ ಕೊಟ್ಟಿರಲಿಲ್ಲ.

ಸಂಗನಬಸಪ್ಪನವರು ನನ್ನ ದಂಡಿಯನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು. ಗುಳಪ್ಪನ ಹೆಸರು ನಾನು ಹೇಳಲಿಲ್ಲ; ಒಮ್ಮೆ ಸಾಕ್ಷಿಯಿಲ್ಲದೆ ಒಬ್ಬನ ಮೇಲೆ ಹೊರಿಸಿದ್ದು ಸಾಕಾಗಿತ್ತು. ಹೊಸ ಗಂಟೆಯನ್ನು ಮಗ್ಗದ ಮನೆಯ ಹಿಂದಿನ ಕಿಟಕಿಗೆ ಯಾರಿಗೂ ತಿಳಿಯದಂತೆ ಕೂರಿಸಲು ಒಪ್ಪಿಗೆ ಕೇಳಿದೆ, ಒಪ್ಪಿದರು. ಆಮೇಲೆ ನಾನು ಹೇಳಿಕೊಟ್ಟಂತೆ ಕಟ್ಟೆಯಲ್ಲಿ ಒಂದು ಮಾತು ಸಾರಿದರು: ಉಳಿದ ಮದುವೆಗಳಿಗೆ ನೇಯ್ದ ನಾಲ್ಕು ಹೊಸ ಸೀರೆ ಹಿಂದಿನ ಕೋಣೆಯಲ್ಲಿವೆ, ನಾಳಿದ್ದು ಅವನ್ನು ಮದುಮಕ್ಕಳ ಮನೆಗೆ ಹಂಚಲಾಗುವುದು. ಕಟ್ಟೆಯ ಅಂಚಿನಲ್ಲಿ ಗುಳಪ್ಪ ಶಂಖ ಒರೆಸುತ್ತ ಕೂತಿದ್ದ.

ಹತ್ತನೆಯ ದಿನ. ಶಂಖ ಊದಿತು, ಬಾಗಿಲುಗಳು ಮುಚ್ಚಿಕೊಂಡವು. ನಾನು ಮೆಹಬೂಬಿಯ ಮನೆಯ ಪಡಸಾಲೆಯಲ್ಲಿ ಸೌಟು ಹಿಡಿದು ಕೂತಿದ್ದೆ. ಮಗ್ಗದ ಮನೆ ಅಲ್ಲಿಂದ ಆರನೆಯದು. ಏನೂ ಆಗಲಿಲ್ಲ. ತೂಕದಲ್ಲಿ ತಪ್ಪಾಯಿತೇನೋ, ಸುರುಳಿ ಸಿಕ್ಕಿಕೊಂಡಿತೇನೋ, ನಾಳೆ ಅಮಾವಾಸ್ಯೆ. ಅಷ್ಟರಲ್ಲಿ ಗಂಟೆ ಹೊಡೆದುಕೊಂಡಿತು. ಎಳೆತದ ಹೊತ್ತಿನಲ್ಲಿ ನಮ್ಮೂರಿಗೆ ಕೇಳುವಂತೆ ಗಂಟೆ ಹೊಡೆದುಕೊಂಡದ್ದು ಅದೇ ಮೊದಲು.

ಊರು ಗೊಂದಲಕ್ಕೆ ಬಿತ್ತು. ಗಂಟೆ ಕೇಳಿದರೆ ಹೊರಗೆ ಓಡಬೇಕು, ಎಳೆತದಲ್ಲಿ ಬಾಗಿಲು ತೆರೆಯಬಾರದು. ಎರಡೂ ಅಜ್ಜಂದಿರ ಮಾತೇ. ಬಾಗಿಲುಗಳ ಹಿಂದೆ ಗುಸುಗುಸು ಕೇಳುತ್ತಿತ್ತು, ಅಗುಳಿಗಳು ಅರ್ಧ ಸರಿದು ನಿಂತವು. ನಾನು ಕದಕ್ಕೆ ಕೈ ಹಾಕುವ ಮೊದಲೇ ಓಣಿಯಲ್ಲಿ ಒಂದು ಬಾಗಿಲು ದಡಾರನೆ ತೆರೆದ ಸದ್ದಾಯಿತು. ಅದಕ್ಕೆ ಗಂಟೆ ಇರಲಿಲ್ಲ. ವಿರೂಪಾಕ್ಷಿ ಬರಿಗಾಲಲ್ಲಿ ಮಗ್ಗದ ಮನೆಯ ಕಡೆ ಓಡುತ್ತಿದ್ದ. ಯಾವ ಊರು ಅವನಿಗಾಗಿ ಓಡಿಬರುವುದಿಲ್ಲ ಎಂದಿತ್ತೋ ಆ ಊರಿನ ಗಂಟೆಗೆ ಅವನೇ ಮೊದಲು ಓಡಿದ.

ಆಮೇಲೆ ಯಾರು ಒಳಗೆ ಕೂರುತ್ತಾರೆ. ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಹಂಚುಗಳು ಹೊಸ್ತಿಲು ದಾಟಿದವು, ಒಂದು ಇಸ್ತ್ರಿಪೆಟ್ಟಿಗೆ ಬೀದಿಯ ಮಧ್ಯೆ ತೆವಳುತ್ತ ಹೋಯಿತು, ಹಡಪದವನ ಡಬ್ಬಿ ಬಡಗಣಕ್ಕೆ ಹಾರಿತು. ಸಂಗನಬಸಪ್ಪನವರ ಕೋಲಿಗೆ ಕಬ್ಬಿಣದ ಕಟ್ಟು, ಅದು ಅವರನ್ನು ಬೇರೆ ಕಡೆ ಎಳೆಯುತ್ತಿತ್ತು. ಒಂದಿಷ್ಟು ದೂರ ಹೋರಾಡಿ ಕೋಲನ್ನೇ ಬಿಟ್ಟು ಬಂದರು.

ಮಗ್ಗದ ಮನೆಯ ಹಿಂದೆ ಗುಳಪ್ಪನ ಒಂದು ಕಾಲು ಕಿಟಕಿಯ ಒಳಗಿತ್ತು, ಒಂದು ಹೊರಗಿತ್ತು. ಹೊರಗಿನ ಕಾಲನ್ನು ವಿರೂಪಾಕ್ಷಿ ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದ. ತಲೆಯ ಮೇಲೆ ಗಂಟೆ ಇನ್ನೂ ಹೊಡೆದುಕೊಳ್ಳುತ್ತಿತ್ತು.

"ಗಂಟಿ ಕೇಳಿ ಬಂದೀನ್ರಿ, ಕಳ್ಳ ಯಾರಂತ ನೋಡಾಕ," ಎಂದ ಗುಳಪ್ಪ.

"ಹೊಟ್ಟಿ ಯಾಕ ಅಷ್ಟ ಬಂದದ?" ಎಂದಳು ಮೆಹಬೂಬಿ. ಅಂಗಿಯ ಕೆಳಗಿನಿಂದ ಜರಿಯ ಸೆರಗು ಇಣುಕುತ್ತಿತ್ತು. ಹಳೆಯ ಹನ್ನೊಂದು ಸೀರೆ ಬುರುಜಿನ ಅಟ್ಟದಲ್ಲಿ, ಚಾಪೆಯಲ್ಲಿ ಸುತ್ತಿಟ್ಟದ್ದು, ಮಡಿಕೆ ಮುರಿಯದೆ ಸಿಕ್ಕವು. ಆ ದಿನ ಎರಡನೆಯ ಶಂಖ ಊದುವವರೇ ಇರಲಿಲ್ಲ. ಎಳೆತ ಯಾವಾಗ ಮುಗಿಯಿತೋ ನಾವು ಯಾರೂ ಗಮನಿಸಲಿಲ್ಲ.

ಕಟ್ಟೆಯಲ್ಲಿ ಸಂಗನಬಸಪ್ಪನವರು ಕೊಟ್ಟ ಮಾತು ಉಳಿಸಿಕೊಂಡರು. ಹಳೆಯ ಗಂಟೆ ಸುಳ್ಳು ಹೇಳಿತ್ತು ಎಂದರು. ಅದನ್ನು ನಂಬಿ ತಾನೂ ಸುಳ್ಳು ಹೇಳಿದೆ ಎಂದೂ ಸೇರಿಸಿದರು, ಅದನ್ನು ಹೇಳಿ ಎಂದು ಯಾರೂ ಕೇಳಿರಲಿಲ್ಲ. ನಾನು ಎದ್ದು ನಿಂತು ವಿರೂಪಾಕ್ಷಿಯ ಮುಖ ನೋಡಿಯೇ ಹೇಳಿದೆ: "ನಾ ತಪ್ಪ ಮಾಡೀನಿ. ನೋಡದ ಸಾಕ್ಷಿ ಹೇಳೀನಿ." ಅವನು ತಲೆಯಾಡಿಸಿದ. ಜನ ನನಗೆ ಚಪ್ಪಾಳೆ ತಟ್ಟಿದರು, ಮುನ್ನೂರು ಮನೆಗೂ ಹೊಸ ದಂಡಿ ಬೇಕೆಂದರು, ಮೆಹಬೂಬಿಯನ್ನು ಕಟ್ಟೆಯ ಮೇಲೆ ಹತ್ತಿಸಿದರು. ಹೆಮ್ಮೆಯಾಗಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಹೊಸ ಗಂಟೆಗಳಲ್ಲಿ ಮನೆಗೆ ಕೂರಿಸಿದ ಮೊದಲನೆಯದನ್ನು ಮರುದಿನ ಸಂಜೆ, ಅಮಾವಾಸ್ಯೆಯ ದಿನವೇ, ವಿರೂಪಾಕ್ಷಿಯ ಬಾಗಿಲಿಗೆ ಕೂರಿಸಿದೆ. ಹೊಸ ಸೆಲ್ಲು ಹಾಕಿದೆ. ಸಂಗನಬಸಪ್ಪನವರು, ನೇಕಾರರು, ಮೆಹಬೂಬಿ ಎಲ್ಲ ಬೀದಿಯಲ್ಲಿ ನಿಂತಿದ್ದರು. ಅವನು ಕದವನ್ನು ಒಮ್ಮೆ ತೆರೆದು ಮುಚ್ಚಿ ನೋಡಿದ, ಗಂಟೆ ಸರಿಯಾಗಿ ಹೊಡೆದುಕೊಂಡಿತು, ಸರಿಯಾಗಿ ಸುಮ್ಮನಾಯಿತು.

"ಚಲೋ ಐತಿ," ಎಂದ. ಹೊಸ್ತಿಲ ಮೇಲೆಯೇ ನಿಂತು ಬೀದಿಯ ಕಡೆ ತಿರುಗಿದ. "ಹತ್ತ ದಿನ ಈ ಬಾಗಲಕ್ಕ ಒಬ್ರೂ ಬರಲಿಲ್ರಿ. ಗಂಟಿ ಇರಲಿಲ್ಲ, ಖರೇ. ಆದ್ರ ಗಂಟಿ ಇಲ್ಲದಾಗ ಬರಬಾರ್ದು ಅಂತೇನೂ ಯಾರೂ ಹೇಳಿರಲಿಲ್ಲಲ್ರಿ."

ಸಂಗನಬಸಪ್ಪನವರು ಚಪ್ಪಲಿ ಬಿಟ್ಟು ಮೊದಲು ಒಳಗೆ ಹೋದರು. ಅವರ ಹಿಂದೆ ನೇಕಾರರು, ಅವರ ಹಿಂದೆ ಅವರ ಮನೆಯವರು. ಅವನ ಹೆಂಡತಿ ಗೋಣಿಚೀಲ ಬಿಚ್ಚಿ ಲೋಟಗಳನ್ನು ತೆಗೆದಳು, ಒಬ್ಬಳು ಬೆಲ್ಲ ತಂದಳು, ಇನ್ನೊಬ್ಬಳು ಹಾಲು. ಬರುವವರು ಬರುತ್ತಲೇ ಇದ್ದರು, ಕದ ಮುಚ್ಚಲು, ಗುಂಡಿಯೊತ್ತಲು ಯಾರಿಗೂ ಪುರಸೊತ್ತಿಲ್ಲ, ತಲೆಯ ಮೇಲೆ ನನ್ನ ಗಂಟೆ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಜನ ಅದರ ಮೇಲೆ ಕೂಗಿ ಕೂಗಿ ಮಾತಾಡಿದರು, ನಕ್ಕರು. ದೀಪ ಹಚ್ಚುವ ಹೊತ್ತಿಗೆ ಅದರ ದನಿ ಕ್ಷೀಣವಾಯಿತು, ಒಮ್ಮೆ ಗೊರಗೊರ ಎಂದು ನಿಂತೇಹೋಯಿತು. ಸೆಲ್ಲು ತೀರಿತ್ತು. ನನಗೆ ಅವಮಾನವಾದಂತಾಗಿ ಎದ್ದೆ, ಈಗಲೇ ಹೋಗಿ ಹೊಸ ಸೆಲ್ಲು ತರುತ್ತೇನೆ ಎಂದೆ.

ವಿರೂಪಾಕ್ಷಿ ನನ್ನ ಕೈಗೆ ಚಹಾದ ಲೋಟ ಕೊಟ್ಟ. "ಕುಂದ್ರು ನೀಲವ್ವ," ಎಂದ. "ಅವಸರ ಏನಿಲ್ಲ."